ವಿಳಾಸ ಯಾರದು? ಕ್ಲೌಡ್‌ನ ಅತಿಥಿಯಂತ್ರ ಮತ್ತು ನಮ್ಮ ದಾಖಲೆಮನೆ

(ಜರ್ಮನಿಯಲ್ಲಿ ನೆಲೆಸಿರುವ ಕನ್ನಡ ಬರಹಗಾರರ ವಾರ್ಷಿಕ ಸಭೆಯಲ್ಲಿ ಮಾಡಿದ ಮಾತಿನ ಲಿಖಿತ ರೂಪ)



ಈ ಸಭೆಯಲ್ಲಿ ನಾವು ಸಾಮಾನ್ಯವಾಗಿ ಕಾವ್ಯ, ಚಳವಳಿ, ಅನುವಾದ, ಜಾತಿವಿನಾಶ, ವಲಸೆ ಇವುಗಳ ಬಗ್ಗೆ ಮಾತನಾಡುತ್ತೇವೆ. ಬಾಡಿಗೆಗೆ ಪಡೆದ ಸರ್ವರ್ ಒಂದರ ನೆಟ್‌ವರ್ಕ್ ಹೊಂದಿಕೆಯನ್ನು ಕುರಿತು ಮಾತನಾಡಲು ಸಂಘಟಕರು ನನಗೆ ಅರ್ಧ ಗಂಟೆ ಕೊಟ್ಟಿದ್ದಾರೆ. ಅದು ಅವರ ಔದಾರ್ಯ. ಆದರೆ ನನ್ನ ಪಾಲಿಗೆ ಇದು ಉಪನ್ಯಾಸಕ್ಕಿಂತ ಹೆಚ್ಚಾಗಿ ಲೆಕ್ಕ ಒಪ್ಪಿಸುವ ಕೆಲಸ. ಕಳೆದ ವರ್ಷ ನಮ್ಮ ದಾಖಲೆಮನೆ ಎರಡು ಹಗಲು, ಎರಡು ರಾತ್ರಿ ಕತ್ತಲಲ್ಲಿತ್ತು. ಹಳೆಯ ಸಂಚಿಕೆಗಳು, ಸಂದರ್ಶನಗಳು, ಕೊಲ್ಲಿ ದೇಶಗಳಲ್ಲಿ ದುಡಿದ ಕನ್ನಡಿಗರ ಧ್ವನಿಮುದ್ರಿತ ಸಾಕ್ಷ್ಯಗಳು, ಯಾವುದೂ ಯಾರಿಗೂ ಸಿಗಲಿಲ್ಲ. ಆ ಕತ್ತಲೆಗೆ ಕಾರಣ ಯಾವ ದಾಳಿಯೂ ಅಲ್ಲ, ಯಾವ ಸರ್ಕಾರವೂ ಅಲ್ಲ. ನಾನೇ ಬರೆದ ಒಂಬತ್ತು ಸಾಲಿನ ಒಂದು ಕಡತ.

ಆ ಎರಡನೆಯ ದಿನ ಮಂಗಳೂರಿನಿಂದ ಒಬ್ಬ ಓದುಗರು ಪತ್ರ ಬರೆದಿದ್ದರು. ಅವರ ತಮ್ಮ ಕೊಲ್ಲಿಯಲ್ಲಿ ದುಡಿದು, ಪಾಸ್‌ಪೋರ್ಟನ್ನು ಮಾಲೀಕರ ಕೈಗೆ ಒಪ್ಪಿಸಿ ಬದುಕಿದ ವರ್ಷಗಳನ್ನು ನಮ್ಮ ಕಾರ್ಯಕರ್ತರೊಬ್ಬರಿಗೆ ಹೇಳಿದ್ದರು. ಹೇಳಿ ಒಂದು ವರ್ಷದೊಳಗೆ ತೀರಿಕೊಂಡರು. ಆ ಮನೆಯಲ್ಲಿ ಅವರ ದನಿಯ ಬೇರೆ ಪ್ರತಿ ಇರಲಿಲ್ಲ. ಅಕ್ಕ ಬರೆದದ್ದು ಒಂದೇ ಸಾಲು: ನನ್ನ ತಮ್ಮನ ಮಾತು ಎಲ್ಲಿ ಹೋಯಿತು? ಇವತ್ತಿನ ನನ್ನ ಮಾತು ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ಮೊದಲು ನಡೆದದ್ದನ್ನು ಹೇಳುತ್ತೇನೆ. ನಮ್ಮ ಸರ್ವರ್ ಎಂದು ನಾವು ಕರೆಯುವುದು ವಾಸ್ತವದಲ್ಲಿ ಒಂದು ಕ್ಲೌಡ್ ಕಂಪನಿಯ ದೊಡ್ಡ ಯಂತ್ರದೊಳಗೆ ಬಾಡಿಗೆಗೆ ಪಡೆದ ಒಂದು ಪಾಲು. ನಾಲ್ಕು ವರ್ಷಗಳ ಹಿಂದೆ ಅದನ್ನು ಸಜ್ಜುಗೊಳಿಸಿದವನು ನಾನು. ಉಬುಂಟು ಲಿನಕ್ಸ್ ಹಾಕಿ, ಅದರ ನೆಟ್‌ವರ್ಕ್ ಕಡತದಲ್ಲಿ 10.0.1.25 ಎಂಬ ವಿಳಾಸವನ್ನೂ 10.0.1.1 ಎಂಬ ಹೊರದಾರಿಯನ್ನೂ ನನ್ನ ಕೈಯಾರೆ ಬರೆದಿದ್ದೆ. ಕಂಪನಿ ತಾನಾಗಿ ಕೊಡುವ ಹೊಂದಿಕೆಯನ್ನು ಯಂತ್ರ ತೆಗೆದುಕೊಳ್ಳದಂತೆ ತಡೆಹಾಕಿದ್ದೆ. ನಮ್ಮ ಸರ್ವರ್, ನಮ್ಮ ವಿಳಾಸ, ಸ್ಥಿರವಾಗಿರಲಿ ಎಂಬುದು ನನ್ನ ಭಾವನೆ.

ಕಳೆದ ವರ್ಷ ಹಳೆಯ ತಲೆಮಾರಿನ ಯಂತ್ರಗಳಿಂದ ಹೊಸದಕ್ಕೆ ಬದಲಾಗಿರೆಂದು ಕಂಪನಿ ತಿಳಿಸಿತು. ನಾನು ಊರಿಗೆ ಹೊರಡುವ ಹಿಂದಿನ ಸಂಜೆ ಡಿಸ್ಕಿನ ಪ್ರತಿ ತೆಗೆದು, 10.0.2 ಎಂದು ಆರಂಭವಾಗುವ ಬೇರೊಂದು ಉಪಜಾಲದಲ್ಲಿ ಹೊಸ ಯಂತ್ರವನ್ನು ಎಬ್ಬಿಸಿದೆ. ಪರದೆಯಲ್ಲಿ 'ನಡೆಯುತ್ತಿದೆ' ಎಂಬ ಹಸಿರು ಗುರುತು ಕಂಡಿತು. ಹೊರಗಿನ ವಿಳಾಸವನ್ನು ಹಳೆಯ ಯಂತ್ರದಿಂದ ಬಿಡಿಸಿ ಹೊಸದಕ್ಕೆ ಕಟ್ಟಿದೆ. ಬ್ರೌಸರ್ ತೆರೆದು ನೋಡಿದೆ. ಅದು ತನ್ನ ನೆನಪಿನಲ್ಲಿದ್ದ ಹಳೆಯ ಪುಟವನ್ನೇ ತೋರಿಸಿತು. ಸಮಾಧಾನವಾಯಿತು. ಒಂದು ತಿಂಗಳ ಬಾಡಿಗೆ ಉಳಿಯಲಿ ಎಂದು ಹಳೆಯ ಯಂತ್ರವನ್ನು ಅಳಿಸಿ ವಿಮಾನ ಹತ್ತಿದೆ.

ಹೊಸ ಯಂತ್ರ ನಡೆಯುತ್ತಿದ್ದುದು ನಿಜ. ಆದರೆ ಹೊರಗಿನ ದಾಖಲೆಯ ಪ್ರಕಾರ ಅದರ ವಿಳಾಸ 10.0.2.14. ಒಳಗೆ ಅದು ತನ್ನನ್ನು 10.0.1.25 ಎಂದೇ ತಿಳಿದುಕೊಂಡಿತ್ತು. ಇಲ್ಲದ ದಾರಿಯತ್ತ ಮುಖಮಾಡಿ ಇಲ್ಲದ ಬಾಗಿಲನ್ನು ತಟ್ಟುತ್ತಿತ್ತು. ಸಾಲದೆಂಬಂತೆ, ಹೊಸ ಯಂತ್ರದಲ್ಲಿ ನೆಟ್‌ವರ್ಕ್ ಕಾರ್ಡಿನ ಹೆಸರು ಇಟಿಎಚ್0 ಎಂಬುದರಿಂದ ಇಎನ್‌ಎಸ್5 ಎಂದು ಬದಲಾಗಿತ್ತು. ನನ್ನ ಕಡತದಲ್ಲಿ ಹಳೆಯ ಹೆಸರೇ ಇತ್ತು. ದೂರದಿಂದ ಒಳಹೊಕ್ಕು ಸರಿಪಡಿಸೋಣವೆಂದರೆ ಒಳಹೋಗುವ ದಾರಿಯೂ ಅದೇ ನೆಟ್‌ವರ್ಕ್. ಬಾಗಿಲಿನ ಚಿಲಕ ಒಳಗಿನಿಂದ ಬಿದ್ದ ಮನೆಯಂತಾಗಿತ್ತು. ಕಂಪನಿಯ ಖಾತೆ ನನ್ನೊಬ್ಬನ ಹೆಸರಿನಲ್ಲಿತ್ತು, ನನ್ನ ಕಾರ್ಡಿನಲ್ಲಿತ್ತು, ಅದರ ಗುಪ್ತಪದ ನನ್ನ ಫೋನಿನಲ್ಲಿತ್ತು. ಆ ಫೋನು ಅರಬ್ಬಿ ಸಮುದ್ರದ ಮೇಲೆ ಹಾರುತ್ತಿತ್ತು.

ಊರು ಮುಟ್ಟಿ, ವಿಷಯ ತಿಳಿದು, ಆ ಡಿಸ್ಕನ್ನು ಬಿಡಿಸಿ ಇನ್ನೊಂದು ಯಂತ್ರಕ್ಕೆ ಜೋಡಿಸಿ, ಕಡತ ತಿದ್ದಿ, ಮತ್ತೆ ತಂದು ಕೂರಿಸುವ ಹೊತ್ತಿಗೆ ಎರಡನೆಯ ರಾತ್ರಿ ಕಳೆದಿತ್ತು. ಆಮೇಲೆ ನಮ್ಮ ಬಳಗದ ಒಬ್ಬ ವಿದ್ಯಾರ್ಥಿನಿ ನನ್ನನ್ನು ಕೇಳಿದಳು: "ಸರ್, ವಿಳಾಸವನ್ನು ಒಳಗೆ ಬರೆದಿಟ್ಟದ್ದು ಯಾಕೆ?" ಸ್ಥಿರವಾಗಿರಲಿ ಎಂದು, ಎಂದೆ. "ಆದರೆ ಅದನ್ನು ಕೊಡೋದು ನಾವಲ್ಲವಲ್ಲ?" ಎಂದಳು. ಇಪ್ಪತ್ತು ವರ್ಷ ಈ ಕೆಲಸದಲ್ಲಿ ಕಳೆದ ನನಗೆ ಆ ಪ್ರಶ್ನೆ ತಾಗಿತು.

ಕ್ಲೌಡ್ ಯಂತ್ರದೊಳಗೆ ನಡೆಯುವ ಲಿನಕ್ಸ್ ಅಥವಾ ವಿಂಡೋಸನ್ನು ಈ ಕಸುಬಿನಲ್ಲಿ 'ಗೆಸ್ಟ್' ಎನ್ನುತ್ತಾರೆ, ಅತಿಥಿ. ಅದನ್ನು ಹೊತ್ತಿರುವ ಯಂತ್ರ 'ಹೋಸ್ಟ್', ಆತಿಥೇಯ. ಐಬಿಎಂ ತನ್ನ ದೊಡ್ಡ ಗಣಕಗಳಿಗೆ 1972ರಲ್ಲಿ ಕೊಟ್ಟ ವಿಎಂ/370ರ ಕಾಲಕ್ಕಾಗಲೇ ಒಂದು ಯಂತ್ರದೊಳಗೆ ಹಲವು ಯಂತ್ರಗಳ ಭ್ರಮೆಯನ್ನು ಹುಟ್ಟಿಸುವ ಈ ವಿದ್ಯೆ ಬಳಕೆಗೆ ಬಂದಿತ್ತು. 2003ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು ಜೆನ್ ಎಂಬ ಮುಕ್ತ ತಂತ್ರಾಂಶದ ಮೂಲಕ ಅದನ್ನು ಅಗ್ಗದ ಯಂತ್ರಗಳಿಗೂ ತಂದರು. 2006ರಲ್ಲಿ ಅಮೆಜಾನ್ ಅದೇ ಜೆನ್‌ನ ಮೇಲೆ ಗಂಟೆಯ ಲೆಕ್ಕದಲ್ಲಿ ಯಂತ್ರಗಳನ್ನು ಬಾಡಿಗೆಗೆ ಕೊಡಲಾರಂಭಿಸಿತು. ಮುಕ್ತವಾಗಿ ಹಂಚಿಕೊಂಡ ಜ್ಞಾನದ ಮೇಲೆ ಬಾಡಿಗೆಯ ಸಾಮ್ರಾಜ್ಯ ಎದ್ದುನಿಂತ ಬಗೆ ಇದು.

ಅತಿಥಿ ಎಂಬ ಮಾತಿನ ಮೃದುತ್ವಕ್ಕೆ ನಾವು ಮರುಳಾಗಬೇಕಿಲ್ಲ. ನಾವಿರುವ ಈ ಜರ್ಮನಿ 1955ರಿಂದ 1973ರವರೆಗೆ ಇಟಲಿ, ಟರ್ಕಿ ಮೊದಲಾದ ದೇಶಗಳಿಂದ ಒಪ್ಪಂದದ ಮೇಲೆ ಕರೆಸಿಕೊಂಡ ದುಡಿಮೆಗಾರರನ್ನು 'ಗಾಸ್ಟ್‌ಆರ್ಬೈಟರ್', ಅತಿಥಿ ಕಾರ್ಮಿಕರು ಎಂದು ಕರೆಯಿತು. ನಮ್ಮ ಕರ್ನಾಟಕದ ಸರ್ಕಾರಿ ಕಾಲೇಜುಗಳಲ್ಲಿ ಸೇವಾಭದ್ರತೆಗಾಗಿ ಮತ್ತೆ ಮತ್ತೆ ಧರಣಿ ಕೂರುವವರ ಹೆಸರು 'ಅತಿಥಿ ಉಪನ್ಯಾಸಕರು'. ಆಧುನಿಕ ಆಡಳಿತದ ಭಾಷೆಯಲ್ಲಿ ಅತಿಥಿ ಎಂದರೆ ಸತ್ಕಾರಕ್ಕೆ ಅರ್ಹನಾದವನು ಎಂದಲ್ಲ; ಖಾಯಂ ಹಕ್ಕಿಲ್ಲದವನು ಎಂದು. ಯಂತ್ರಕ್ಕೆ ನೋವಿಲ್ಲ. ಹಾಗಾಗಿ ಅದನ್ನು ಮನುಷ್ಯರೊಂದಿಗೆ ಹೋಲಿಸಿ ಮರುಗುವುದು ಅಗ್ಗದ ಮಾತಾದೀತು. ಆದರೆ ಆ ಯಂತ್ರದಲ್ಲಿ ನಮ್ಮ ಜನರ ಮಾತುಗಳನ್ನು ಇಟ್ಟಿದ್ದೇವಲ್ಲ, ಅವುಗಳಿಗೆ ಖಾಯಂ ಹಕ್ಕು ಎಲ್ಲಿಂದ ಬರುತ್ತದೆ ಎಂದು ಕೇಳುವುದು ಅಗ್ಗವಲ್ಲ.

ಅತಿಥಿಯಂತ್ರ ಎಚ್ಚರಗೊಂಡ ಮೊದಲ ನಿಮಿಷವನ್ನು ಗಮನಿಸೋಣ. ಅದಕ್ಕೆ ತಾನಾರೆಂದು ತಿಳಿಯದು. ಅದು ತನ್ನ ಜಾಲದಲ್ಲಿ ಒಂದು ಕೂಗು ಹಾಕುತ್ತದೆ: ನನಗೆ ವಿಳಾಸ ಕೊಡುವವರು ಯಾರಾದರೂ ಇದ್ದೀರಾ? ಆತಿಥೇಯ ಒಂದು ವಿಳಾಸವನ್ನು ಮುಂದೊಡ್ಡುತ್ತದೆ. ಅದನ್ನೇ ಕೊಡಿ ಎಂದು ಅತಿಥಿ ಕೇಳಿಕೊಳ್ಳುತ್ತದೆ. ಆಗಲಿ ಎಂದು ಆತಿಥೇಯ ಒಪ್ಪುತ್ತದೆ. ನಾಲ್ಕು ಮಾತಿನ ಈ ವ್ಯವಹಾರಕ್ಕೆ ಡಿಎಚ್‌ಸಿಪಿ ಎಂದು ಹೆಸರು. ಇಂದಿಗೂ ಬಳಕೆಯಲ್ಲಿರುವ ಅದರ ನಿಯಮಾವಳಿ 1997ರದು. ಹೀಗೆ ದೊರೆತ ವಿಳಾಸಕ್ಕೆ ಅವಧಿ ಇದೆ. ಆ ಅವಧಿಯನ್ನು ನಿಯಮಾವಳಿ 'ಲೀಸ್' ಎಂದೇ ಕರೆಯುತ್ತದೆ. ಅರ್ಧ ಅವಧಿ ಕಳೆಯುತ್ತಲೇ ಅತಿಥಿ ನವೀಕರಣಕ್ಕೆ ಅರ್ಜಿ ಹಾಕುತ್ತದೆ. ವಿಳಾಸದ ಜೊತೆಯಲ್ಲೇ ಹೊರದಾರಿ ಯಾವುದು, ಹೆಸರುಗಳನ್ನು ಬಿಡಿಸಿ ಹೇಳುವ ಡಿಎನ್‌ಎಸ್ ಸರ್ವರ್ ಯಾವುದು ಎಂಬುದೂ ಬರುತ್ತದೆ.

ಆಮೇಲೆ ಅತಿಥಿ 169.254.169.254 ಎಂಬ ವಿಳಾಸವನ್ನು ವಿಚಾರಿಸುತ್ತದೆ. ಇದು ಹೊರಜಗತ್ತಿನಲ್ಲಿ ಎಲ್ಲಿಯೂ ಇಲ್ಲದ, ಆತಿಥೇಯನ ಗೋಡೆಯೊಳಗೆ ಮಾತ್ರ ಉತ್ತರ ಕೊಡುವ ವಿಳಾಸ. ಅಮೆಜಾನ್, ಗೂಗಲ್, ಮೈಕ್ರೋಸಾಫ್ಟ್, ಓಪನ್‌ಸ್ಟ್ಯಾಕ್ ಎಲ್ಲರಲ್ಲಿಯೂ ಇದೇ ಸಂಖ್ಯೆ. ನನ್ನ ಹೆಸರೇನು, ಯಾವ ಊರಿನಲ್ಲಿದ್ದೇನೆ, ಯಾರ ಬೀಗದ ಕೈಗೆ ಬಾಗಿಲು ತೆರೆಯಬೇಕು ಎಂದು ಅತಿಥಿ ಅಲ್ಲಿ ಕೇಳಿ ತಿಳಿದುಕೊಳ್ಳುತ್ತದೆ. ಹಾಗೆ ಕೇಳಿ, ಉತ್ತರವನ್ನು ಯಂತ್ರದೊಳಗಿನ ಕಡತಗಳಿಗೆ ಬರೆಯುವ ತಂತ್ರಾಂಶ ಕ್ಲೌಡ್‌ಇನಿಟ್. ಉಬುಂಟುವಿನಲ್ಲಿ ಅದು ಬರೆಯುವುದು ನೆಟ್‌ಪ್ಲಾನ್ ಎಂಬ ಕಡತಕೋಶದಲ್ಲಿ. ನಾನು ನಾಲ್ಕು ವರ್ಷಗಳ ಹಿಂದೆ ಬಾಯಿ ಮುಚ್ಚಿಸಿದ್ದು ಈ ಕ್ಲೌಡ್‌ಇನಿಟ್‌ನ ನೆಟ್‌ವರ್ಕ್ ಭಾಗವನ್ನು.

ಈಗ ನನ್ನ ತಪ್ಪಿನ ಸ್ವರೂಪ. ಇಲ್ಲಿ ದಕ್ಷಿಣ ಕನ್ನಡ, ಉತ್ತರ ಕನ್ನಡದ ಮನೆಗಳಿಂದ ಬಂದವರಿದ್ದೀರಿ. ಮೂಲಗೇಣಿ, ಚಾಲಗೇಣಿ ಎಂಬ ಮಾತುಗಳು ನಿಮಗೆ ಗೊತ್ತು. ಮೂಲಗೇಣಿದಾರನದು ತಲೆಮಾರುಗಳಿಗೆ ಇಳಿಯುವ ಖಾಯಂ ಗೇಣಿ. ಚಾಲಗೇಣಿದಾರನನ್ನು ಒಡೆಯ ಬೇಡವೆಂದಾಗ ಬಿಡಿಸಬಹುದಿತ್ತು. ಚಾಲಗೇಣಿದಾರನೊಬ್ಬ ತನ್ನ ಮನೆಯ ಪುಸ್ತಕದಲ್ಲಿ 'ಈ ಗದ್ದೆ ನನ್ನದು' ಎಂದು ಬರೆದುಕೊಂಡರೆ ಗದ್ದೆ ಅವನದಾಗುತ್ತಿತ್ತೇ? ಪಹಣಿಯಲ್ಲಿ ಏನಿದೆ ಎಂಬುದೇ ಪ್ರಶ್ನೆ. 1974ರ ಭೂಸುಧಾರಣೆ ಗೇಣಿದಾರರ ಬಾಳನ್ನು ಬದಲಿಸಿದ್ದು ಅವರವರ ಪುಸ್ತಕಗಳನ್ನು ತಿದ್ದಿ ಅಲ್ಲ. ಕಾನೂನು ಬಂತು, ಡಿಕ್ಲರೇಷನ್ ಕೊಟ್ಟರು, ಭೂನ್ಯಾಯಮಂಡಳಿಯ ಮುಂದೆ ನಿಂತು ವಾದಿಸಿದರು. ಆಗ ಪಹಣಿ ಬದಲಾಯಿತು.

ಅತಿಥಿಯಂತ್ರದೊಳಗಿನ ನೆಟ್‌ವರ್ಕ್ ಕಡತ ಆ ಮನೆಯ ಪುಸ್ತಕ. ಪಹಣಿ ಇರುವುದು ಹೊರಗೆ, ಕಂಪನಿಯ ನಿಯಂತ್ರಣ ಫಲಕದಲ್ಲಿ. ಎರಡೂ ಹೊಂದಿದಾಗ ಒಳಗೆ ಬರೆದದ್ದು ನಿಜವೆನ್ನಿಸುತ್ತದೆ. ನಾಲ್ಕು ವರ್ಷ ನನಗೆ ಹಾಗೆಯೇ ಅನ್ನಿಸಿತ್ತು. ಎರಡೂ ಬೇರೆಯಾದ ದಿನ ಗೆಲ್ಲುವುದು ಪಹಣಿಯೇ. ಒಳಗಿನಿಂದ ಬೇರೆ ವಿಳಾಸವನ್ನು ಹಾಕಿಕೊಂಡು ಹೊರಟ ಪೊಟ್ಟಣವನ್ನು ಆತಿಥೇಯ ಬಾಗಿಲಲ್ಲೇ ಬೀಳಿಸುತ್ತದೆ. ಇದಕ್ಕೆ ಒಳ್ಳೆಯ ಕಾರಣವೂ ಇದೆ: ಇಲ್ಲದಿದ್ದರೆ ಒಂದು ಅತಿಥಿ ಇನ್ನೊಂದರ ವೇಷ ಹಾಕಿ ಅದರ ಅಂಚೆಯನ್ನು ಕದಿಯಬಹುದು. ಅತಿಥಿಯ ವಿಳಾಸವನ್ನು ಒಳಗೆ ಕೈಯಿಂದ ಬರೆಯಬೇಡಿ, ಅನಿವಾರ್ಯವಾದ ಕೆಲವು ಸಂದರ್ಭಗಳನ್ನು ಬಿಟ್ಟು, ಎಂದು ಮೈಕ್ರೋಸಾಫ್ಟ್‌ನ ಅಜೂರ್ ಕೈಪಿಡಿಯೇ ಎಚ್ಚರಿಸುತ್ತದೆ. ಸ್ಥಿರ ವಿಳಾಸ ಬೇಕೆ? ಹೊರಗಿನ ದಾಖಲೆಯಲ್ಲಿ ಕಾಯ್ದಿರಿಸಿ. ಒಳಗಿನ ಯಂತ್ರ ಕೇಳಿ ಪಡೆಯಲಿ. ಆಗ ಪ್ರತಿ ಬಾರಿಯೂ ಅದೇ ಸಿಗುತ್ತದೆ.

ಇನ್ನೊಂದು ವಿಚಿತ್ರವಿದೆ. ನೀವು ನಮ್ಮ ಪತ್ರಿಕೆಯನ್ನು ತೆರೆದಾಗ ತಲುಪುವ ಹೊರಗಿನ ವಿಳಾಸ ಅತಿಥಿಯಂತ್ರದೊಳಗೆ ಎಲ್ಲಿಯೂ ಇಲ್ಲ. ಅಮೆಜಾನ್‌ನಂಥ ಕ್ಲೌಡ್‌ನಲ್ಲಿ ಒಳಗಿರುವುದು ಖಾಸಗಿ ವಿಳಾಸ ಮಾತ್ರ. ಜಗತ್ತು ಕರೆಯುವ ವಿಳಾಸವನ್ನು ಆತಿಥೇಯ ಹೊಸ್ತಿಲಲ್ಲಿ ಒಳಗಿನದಕ್ಕೆ ಬದಲಿಸಿ ಒಳಬಿಡುತ್ತದೆ. ಜಗತ್ತು ತನ್ನನ್ನು ಯಾವ ಹೆಸರಿನಿಂದ ಕರೆಯುತ್ತಿದೆ ಎಂದು ಅತಿಥಿಗೆ ಗೊತ್ತಿಲ್ಲ, ಕೇಳಿ ತಿಳಿಯಬೇಕು. ಗೂಗಲ್‌ನ ಕ್ಲೌಡ್‌ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ: ಅತಿಥಿಗೆ ಸಿಗುವ ವಿಳಾಸದ ಕೇರಿಯಲ್ಲಿ ಇರುವುದು ಒಂದೇ ಮನೆ, ಅದರದೇ. ಪಕ್ಕದ ಯಂತ್ರದೊಂದಿಗೆ ಮಾತನಾಡಬೇಕಾದರೂ ಒಡೆಯನ ದಿಡ್ಡಿಬಾಗಿಲಿನ ಮೂಲಕವೇ ಹೋಗಬೇಕು.

ಹೊರಗಿನ ವಿಳಾಸಗಳಿಗೆ ಬರಗಾಲವೂ ಇದೆ. ಹಳೆಯ ಐಪಿ ಪದ್ಧತಿಯಲ್ಲಿ ಇರಬಹುದಾದ ಒಟ್ಟು ವಿಳಾಸಗಳು ಸುಮಾರು 429 ಕೋಟಿ. ಅವುಗಳ ಜಾಗತಿಕ ದಾಸ್ತಾನು 2011ರ ಫೆಬ್ರವರಿಯಲ್ಲಿ ಬರಿದಾಯಿತು. ಬೇಗ ಬಂದವರು, ಅಂದರೆ ಅಮೆರಿಕ, ಯೂರೋಪಿನ ಸಂಸ್ಥೆಗಳು ಧಾರಾಳವಾಗಿ ಹಿಡಿದಿಟ್ಟುಕೊಂಡಿದ್ದವು. ಉಳಿದವರಿಗೆ ಹಂಚಿ ತಿನ್ನುವ ಪಾಡು. 2024ರ ಫೆಬ್ರವರಿಯಿಂದ ಅಮೆಜಾನ್ ಅಂಥ ಪ್ರತಿ ವಿಳಾಸಕ್ಕೂ ಗಂಟೆಗೆ ಅರ್ಧ ಸೆಂಟ್ ವಸೂಲಿ ಮಾಡುತ್ತಿದೆ. ತಿಂಗಳಿಗೆ ಮೂರೂವರೆ ಡಾಲರ್ ಚಿಲ್ಲರೆ. ಸಣ್ಣ ಮೊತ್ತವೇ. ಆದರೆ ಒಂದು ಸಂಖ್ಯೆಗೆ ಗೇಣಿ ಕಟ್ಟುತ್ತಿದ್ದೇವೆ ಎಂಬುದು ತಿಳಿದಿರಲಿ. ಐಪಿ ಆರನೆಯ ಆವೃತ್ತಿಯಲ್ಲಿ ವಿಳಾಸಗಳಿಗೆ ಬರವಿಲ್ಲ. ನಮ್ಮ ಅತಿಥಿಯಂತ್ರಕ್ಕೆ ಅದನ್ನೂ ಹೊಂದಿಸಿಕೊಳ್ಳಬೇಕು.

ಹಾಗಾದರೆ ಅತಿಥಿಯೊಳಗೆ ನಮ್ಮ ಕೈಯಲ್ಲಿ ಏನೂ ಇಲ್ಲವೇ? ಇದೆ. ಅದನ್ನು ಗುರುತಿಸುವುದೇ ಈ ಕೆಲಸದ ತಿರುಳು. ಉದಾಹರಣೆಗೆ ಬಾಗಿಲುಗಳು. ಹೊರಗೆ ಕಂಪನಿಯ ಫೈರ್‌ವಾಲ್ ಇದೆ, ಒಳಗೆ ನಮ್ಮದೊಂದು ಇರಬಹುದು. ಹೊರಗಿನದನ್ನು ತೆರೆದು ಒಳಗಿನದನ್ನು ಮರೆತರೆ ಯಾರೂ ಬರಲಾರರು. ಒಳಗಿನದೊಂದನ್ನೇ ನಂಬಿ ಹೊರಗಿನದನ್ನು ಎಲ್ಲರಿಗೂ ತೆರೆದಿಟ್ಟರೆ, ಒಳಗಿನ ಒಂದು ತಪ್ಪು ಸಾಕು ಮನೆ ಲೂಟಿಯಾಗಲು. ಎರಡನ್ನೂ ಒಟ್ಟಿಗೆ ಓದುವ ಅಭ್ಯಾಸ ಬೇಕು.

ಪೊಟ್ಟಣದ ಗಾತ್ರವೂ ನಮ್ಮ ಹೊಣೆಯೇ. ಸಾಮಾನ್ಯ ಜಾಲದಲ್ಲಿ ಒಂದು ಪೊಟ್ಟಣ 1500 ಬೈಟ್‌ವರೆಗೆ ಇರಬಹುದು. ಗೂಗಲ್‌ನ ಕ್ಲೌಡ್‌ನಲ್ಲಿ ತಾನಾಗಿ ಸಿಗುವ ಮಿತಿ 1460. ಅತಿಥಿಯೊಳಗೆ ನಾವು ಡಾಕರ್ ಅಥವಾ ವಿಪಿಎನ್ ಹಾಕಿದರೆ ಅವು ಹಲವೊಮ್ಮೆ 1500 ಎಂದೇ ನಂಬಿ ಕೂರುತ್ತವೆ. ಆಗ ಸಣ್ಣ ಮಾತುಗಳು ಹೋಗುತ್ತವೆ, ಉದ್ದನೆಯವು ದಾರಿಯಲ್ಲಿ ಸಿಕ್ಕಿಬೀಳುತ್ತವೆ. ಲಾಗಿನ್ ಆಗುತ್ತದೆ, ಕವಿತೆ ತೆರೆಯುತ್ತದೆ, ಒಂದು ಗಂಟೆಯ ಧ್ವನಿಮುದ್ರಿಕೆ ಮಾತ್ರ ಶುರುವಾಗುವುದಿಲ್ಲ. ಇಂಥಲ್ಲಿ ದೋಷವನ್ನು ತಿಂಗಳುಗಟ್ಟಲೆ ಓದುಗರ ಇಂಟರ್ನೆಟ್‌ನ ಮೇಲೆ ಹೊರಿಸುವುದು ಸುಲಭ. ಹಳ್ಳಿಯಲ್ಲಿ ಸಿಗ್ನಲ್ ಸರಿಯಿಲ್ಲ ಎಂದುಬಿಡುತ್ತೇವೆ. ತಪ್ಪು ನಮ್ಮ ನಲವತ್ತು ಬೈಟ್‌ಗಳದ್ದಾಗಿರಬಹುದು.

ಮೂರನೆಯದು ಎಚ್ಚರ. ಅತಿಥಿಗೆ ತಾನಾರೆಂದು ಹೇಳುವ ಆ 169.254.169.254, ಕೇಳಿದರೆ ಕಂಪನಿಯ ಇತರ ಉಗ್ರಾಣಗಳ ತಾತ್ಕಾಲಿಕ ಬೀಗದ ಕೈಯನ್ನೂ ಕೊಡಬಲ್ಲದು. 2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನಿಂದ ಅಮೆರಿಕದ ಸುಮಾರು 10 ಕೋಟಿ, ಕೆನಡಾದ ಸುಮಾರು 60 ಲಕ್ಷ ಜನರ ಮಾಹಿತಿ ಕಳುವಾದದ್ದು ಹೀಗೆ: ತಪ್ಪಾಗಿ ಹೊಂದಿಸಿದ ಫೈರ್‌ವಾಲ್ ಒಂದರ ಮೂಲಕ ಹೊರಗಿನವರೊಬ್ಬರು ಆ ವಿಳಾಸವನ್ನು ಪ್ರಶ್ನಿಸಿ ಕೀಲಿಗಳನ್ನು ಪಡೆದರು. ಅದೇ ವರ್ಷದ ಕೊನೆಗೆ ಅಮೆಜಾನ್ ಆ ಸೇವೆಗೆ ಮೊದಲು ಗುರುತುಚೀಟಿ ಪಡೆದು ಆಮೇಲೆ ಪ್ರಶ್ನಿಸುವ ಎರಡನೆಯ ಆವೃತ್ತಿಯನ್ನು ತಂದಿತು. ನಮ್ಮ ದಾಖಲೆಮನೆಯಲ್ಲಿ ಹೆಸರು ಮರೆಮಾಚಿ ಸಾಕ್ಷ್ಯ ನುಡಿದ ಕಾರ್ಮಿಕರಿದ್ದಾರೆ. ಅವರ ಮಟ್ಟಿಗೆ ಈ ಹೊಂದಿಕೆ ತಾಂತ್ರಿಕ ಸೂಕ್ಷ್ಮವಲ್ಲ, ಕೊಟ್ಟ ಮಾತು.

ಈಗ ಕಷ್ಟದ ಪ್ರಶ್ನೆಗೆ ಬರುತ್ತೇನೆ. ಎಲ್ಲವನ್ನೂ ಸರಿಯಾಗಿ ಹೊಂದಿಸಿದೆವು ಎನ್ನೋಣ. ಆತಿಥೇಯನೇ ಹೊರಡಿ ಎಂದರೆ? 2010ರ ಡಿಸೆಂಬರ್ 1ರಂದು ಅಮೆಜಾನ್ ವಿಕಿಲೀಕ್ಸ್ ತಾಣವನ್ನು ತನ್ನ ಯಂತ್ರಗಳಿಂದ ಹೊರಹಾಕಿತು. ಅಮೆರಿಕದ ಸೆನೆಟರ್ ಒಬ್ಬರ ಕಚೇರಿ ಆ ಬಗ್ಗೆ ವಿಚಾರಿಸಿತ್ತು. ನಿಯಮ ಉಲ್ಲಂಘನೆಯೇ ಕಾರಣವೆಂದು ಕಂಪನಿ ಹೇಳಿತು. ವಿಕಿಲೀಕ್ಸ್ ಬಗ್ಗೆ ಈ ಸಭೆಯಲ್ಲೇ ಹಲವು ಅಭಿಪ್ರಾಯಗಳಿರಬಹುದು. ನಾನು ನೋಡುತ್ತಿರುವುದು ಮುಂದೆ ಏನಾಯಿತು ಎಂಬುದನ್ನು. ವಿಳಾಸ ಹೋದರೆ ಹೋಗಲಿ, ಹೆಸರು ಉಳಿದಿದೆ, ಹೆಸರನ್ನು ಹೊಸ ವಿಳಾಸಕ್ಕೆ ತಿರುಗಿಸಿದರಾಯಿತು ಎಂದುಕೊಳ್ಳಬಹುದು. ಆದರೆ ಒಂದೆರಡು ದಿನಗಳಲ್ಲೇ ಆ ಹೆಸರಿನ ಡಿಎನ್‌ಎಸ್ ಸೇವೆ ಕೊಡುತ್ತಿದ್ದ ಸಂಸ್ಥೆಯೂ ಕೈಬಿಟ್ಟಿತು. ಹೆಸರೂ ಗೇಣಿಯದೇ ಎಂದು ತಿಳಿಯಿತು. ಕೊನೆಗೆ ಉಳಿಸಿದ್ದು ಪ್ರತಿಗಳು. ಜಗತ್ತಿನ ಉದ್ದಗಲಕ್ಕೂ ನೂರಾರು ಜನ ತಮ್ಮ ತಮ್ಮ ಯಂತ್ರಗಳಲ್ಲಿ ಆ ತಾಣದ ಪ್ರತಿರೂಪವನ್ನು ಎಬ್ಬಿಸಿ ನಿಲ್ಲಿಸಿದರು.

ಇದರಿಂದ ನಾನು ಕಲಿತದ್ದು ಇಷ್ಟು. ವಿಳಾಸವನ್ನು ಸಡಿಲವಾಗಿ ಹಿಡಿಯಬೇಕು, ಹೆಸರನ್ನು ಜತನದಿಂದ, ಪ್ರತಿಗಳನ್ನು ಬಿಗಿಯಾಗಿ. ನಾನು ಮಾಡಿದ್ದು ಇದಕ್ಕೆ ವಿರುದ್ಧ. ನಮ್ಮದಲ್ಲದ ವಿಳಾಸವನ್ನು ಕಲ್ಲಿನಲ್ಲಿ ಕೆತ್ತಿದೆ. ನಮ್ಮದಾದ ಪ್ರತಿಯನ್ನು ಒಂದೇ ಡಿಸ್ಕಿನಲ್ಲಿ ಬಿಟ್ಟೆ. ಗೇಣಿಯ ನೆಲದಲ್ಲಿ ಒಡೆತನವೆಂದರೆ ನೆಲವಲ್ಲ, ಬೀಜವನ್ನು ಎತ್ತಿಕೊಂಡು ಹೊರಡುವ ಶಕ್ತಿ. ಎಲ್ಲಿಗೆ ಹೋದರೂ ಅಲ್ಲಿಯ ವಿಳಾಸ ಕೇಳಿ ಪಡೆದು ಎದ್ದು ನಿಲ್ಲಬಲ್ಲ ಅತಿಥಿಯೇ ಸ್ವತಂತ್ರ ಅತಿಥಿ. ತನ್ನ ವಿಳಾಸ ತನಗೆ ಗೊತ್ತಿದೆ ಎಂದು ಹಟ ಹಿಡಿಯುವ ಅತಿಥಿ ಒಬ್ಬನೇ ಒಡೆಯನಿಗೆ ಕಟ್ಟುಬಿದ್ದ ಅತಿಥಿ.

ಪಹಣಿ ಬದಲಾಗಬೇಕಾದರೆ ಕಾನೂನು ಬೇಕು ಎಂದೆ. ಇಲ್ಲಿ ಯೂರೋಪಿನಲ್ಲಿ ಅಂಥ ಒಂದು ಸಣ್ಣ ಆರಂಭವಾಗಿದೆ. ಯೂರೋಪ್ ಒಕ್ಕೂಟದ ಡೇಟಾ ಕಾಯ್ದೆ 2025ರ ಸೆಪ್ಟೆಂಬರ್ 12ರಿಂದ ಅನ್ವಯವಾಗುತ್ತಿದೆ. ಒಂದು ಕ್ಲೌಡ್‌ನಿಂದ ಇನ್ನೊಂದಕ್ಕೆ ಹೊರಡುವವರನ್ನು ಕಂಪನಿಗಳು ಅಡ್ಡಗಟ್ಟುವಂತಿಲ್ಲ. 2027ರ ಜನವರಿ 12ರ ನಂತರ ಹಾಗೆ ಬದಲಾಗುವುದಕ್ಕೆ ಶುಲ್ಕ ವಿಧಿಸುವಂತಿಲ್ಲ. ಇದು ಉಳುವವನಿಗೆ ಭೂಮಿ ಕೊಡುವ ಕಾನೂನಲ್ಲ, ಗೇಣಿದಾರ ಗಂಟುಮೂಟೆ ಕಟ್ಟಿ ಹೊರಡುವಾಗ ದಂಡ ಹಾಕಬೇಡ ಎನ್ನುವ ಕಾನೂನು ಮಾತ್ರ. ಅಷ್ಟಾದರೂ ಇರಲಿ. ಆದರೆ ಹೊರಡಲು ಬಾರದ ಯಂತ್ರಕ್ಕೆ ಹೊರಡುವ ಹಕ್ಕಿನಿಂದ ಉಪಯೋಗವಿಲ್ಲ. ಆ ಸಿದ್ಧತೆ ನಮ್ಮದು.

ಆದ್ದರಿಂದ ಈ ಸಭೆಯ ಮುಂದೆ ಕೆಲವು ಸಲಹೆಗಳನ್ನು ಇಡುತ್ತೇನೆ. ದಾಖಲೆಮನೆಯ ಅತಿಥಿಯಂತ್ರದೊಳಗೆ ಯಾರೂ ಕೈಯಿಂದ ವಿಳಾಸ ಬರೆಯಬಾರದು. ಸ್ಥಿರತೆ ಬೇಕಾದರೆ ಹೊರಗಿನ ದಾಖಲೆಯಲ್ಲಿ ಕಾಯ್ದಿರಿಸಬೇಕು. ಒಳಗಿನ ನೆಟ್‌ವರ್ಕ್ ಕಡತವನ್ನು ತಿದ್ದಲೇಬೇಕಾದಾಗ 'ನೆಟ್‌ಪ್ಲಾನ್ ಟ್ರೈ' ಎಂಬ ಆಜ್ಞೆಯನ್ನು ಬಳಸಬೇಕು. ಅದು ಹೊಸ ಹೊಂದಿಕೆಯನ್ನು ಜಾರಿಗೆ ತಂದು 120 ಸೆಕೆಂಡು ಕಾಯುತ್ತದೆ; ಅಷ್ಟರೊಳಗೆ ನಾವು ಸರಿ ಎನ್ನದಿದ್ದರೆ, ಅಂದರೆ ನಾವೇ ಹೊರಗೆ ಬಿದ್ದಿದ್ದರೆ, ಹಳೆಯದಕ್ಕೆ ಮರಳುತ್ತದೆ. ತಪ್ಪು ಮಾಡುವವರನ್ನು ಮನುಷ್ಯರೆಂದು ತಿಳಿದು ಬರೆದ ತಂತ್ರಾಂಶ ಅದು. ನೆಟ್‌ವರ್ಕ್ ಸತ್ತರೂ ಒಳಹೋಗಲು ಕಂಪನಿಗಳು ಸೀರಿಯಲ್ ಕನ್ಸೋಲ್ ಎಂಬ ಹಿತ್ತಿಲ ಬಾಗಿಲನ್ನು ಕೊಡುತ್ತವೆ. ಅದಕ್ಕೆ ಬೇಕಾದ ಗುಪ್ತಪದವನ್ನು ಮುಂಚೆಯೇ ಇಟ್ಟು, ಒಮ್ಮೆ ತೆರೆದು ನೋಡಿರಬೇಕು. ಹೊಸ ಯಂತ್ರ ಸರಿಯಾಗಿದೆಯೆಂದು ಬೇರೊಂದು ಊರಿನಿಂದ ಬೇರೊಬ್ಬರು ಹೇಳುವವರೆಗೆ ಹಳೆಯದನ್ನು ಅಳಿಸಬಾರದು. ಒಂದು ತಿಂಗಳ ಬಾಡಿಗೆ ಹೆಚ್ಚು ದೊಡ್ಡದಲ್ಲ.

ಖಾತೆ ವ್ಯಕ್ತಿಯ ಹೆಸರಿನಲ್ಲಿರಬಾರದು, ಬಳಗದ ಹೆಸರಿನಲ್ಲಿರಬೇಕು. ಕೀಲಿ ಮೂವರ ಬಳಿ, ಮೂರು ದೇಶಗಳಲ್ಲಿ ಇರಲಿ. ಆರು ತಿಂಗಳಿಗೊಮ್ಮೆ ಇಡೀ ದಾಖಲೆಮನೆಯ ಪ್ರತಿಯನ್ನು ಬೇರೊಬ್ಬ ಆತಿಥೇಯನ ಯಂತ್ರದಲ್ಲಿ ಎಬ್ಬಿಸಿ ನೋಡೋಣ. ಹಸಿರು ಗುರುತನ್ನು ನಂಬುವುದು ಬೇಡ. ಆ ಮಂಗಳೂರಿನ ಅಕ್ಕನ ತಮ್ಮನ ದನಿ ಅಲ್ಲಿ ಮೊದಲಿನಿಂದ ಕೊನೆಯವರೆಗೆ ಕೇಳಿಸುತ್ತದೆಯೇ? ಕೇಳಿಸಿದರೆ ಪರೀಕ್ಷೆ ಪಾಸು.

ಕೊನೆಯ ಸಲಹೆ ನನ್ನ ಮೇಲೆಯೇ. ಈ ಎಲ್ಲವನ್ನೂ ಕನ್ನಡದಲ್ಲಿ ಬರೆದಿಡಬೇಕು. ನಾಲ್ಕು ವರ್ಷ ನಾನದನ್ನು ಬರೆಯಲಿಲ್ಲ. ಬಿಡುವಿರಲಿಲ್ಲ ಎಂದು ಹೇಳಿಕೊಂಡಿದ್ದೆ. ಪೂರ್ತಿ ನಿಜವಲ್ಲ. ಬಳಗದಲ್ಲಿ ಇದು ಗೊತ್ತಿರುವವನು ನಾನೊಬ್ಬನೇ ಎಂಬುದರಲ್ಲಿ ಒಂದು ಸುಖವಿತ್ತು. ಏನಾದರೂ ಆದರೆ ನನಗೇ ಫೋನು ಬರುತ್ತಿತ್ತು. ಒಡೆತನ, ಅಧಿಕಾರ, ಹಂಚಿಕೆಗಳ ಬಗ್ಗೆ ಇಲ್ಲಿ ಕೂತು ಲೇಖನ ಓದುವ ನಾನು ಒಂದು ಸಣ್ಣ ಜಮೀನ್ದಾರಿಕೆ ನಡೆಸುತ್ತಿದ್ದೆ. ಒಬ್ಬನ ತಲೆಯಲ್ಲಿ ಮಾತ್ರ ಇರುವ ತಿಳಿವಳಿಕೆಯೂ ಖಾಸಗಿ ಆಸ್ತಿಯೇ. ಅದು ಕಂಪನಿಯ ಒಡೆತನಕ್ಕಿಂತ ಹೆಚ್ಚು ಅಪಾಯಕಾರಿ, ಏಕೆಂದರೆ ಕಂಪನಿಯೊಂದಿಗೆ ಕರಾರುಪತ್ರವಾದರೂ ಇದೆ.

ಕೈಪಿಡಿಯ ಮೊದಲ ಕರಡು ಸಿದ್ಧವಾಗಿದೆ. ಬರೆದವಳು ಆ ಪ್ರಶ್ನೆ ಕೇಳಿದ ವಿದ್ಯಾರ್ಥಿನಿ. ನಾನು ತಿದ್ದಿದವನು ಮಾತ್ರ. ಕಳೆದ ತಿಂಗಳು ಅವಳು ನನ್ನ ಸಹಾಯವಿಲ್ಲದೆ ದಾಖಲೆಮನೆಯ ಪ್ರತಿಯನ್ನು ಬೇರೊಂದು ಕಡೆ ಎಬ್ಬಿಸಿದಳು. ಅತಿಥಿಯಂತ್ರ ಎದ್ದಿತು, ವಿಳಾಸ ಕೇಳಿತು, ಪಡೆಯಿತು. ಧ್ವನಿಮುದ್ರಿಕೆಯನ್ನು ಪೂರ್ತಿ ಕೇಳಿದೆವು. ಆಮೇಲೆ ಅದರ ಒಂದು ಪ್ರತಿಯನ್ನು ಮಂಗಳೂರಿಗೆ, ಆ ಅಕ್ಕನ ಮನೆಗೇ ಕಳುಹಿಸಿದೆವು. ಮೊದಲೇ ಮಾಡಬೇಕಾಗಿದ್ದ ಕೆಲಸ ಅದು.

 ಪ್ರಶ್ನೆಗಳಿದ್ದರೆ ಕೇಳಿ, ಉತ್ತರ ಕೊಡುವವರು ಈಗ ಇಲ್ಲಿ ನಾನೊಬ್ಬನೇ ಅಲ್ಲ.